ತುಘಲಕನ ನಾಣ್ಯ, ತುಘಲಕನ ನಮಾಜು

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು

ನಮ್ಮ ಕಡೆ ಯಾರಾದರೂ ಹಿಂದುಮುಂದು ನೋಡದೆ ಹುಕುಂ ಹೊರಡಿಸಿದರೆ ‘ಏನಪ್ಪಾ ಇದು ತುಘಲಕ್ ದರ್ಬಾರು’ ಎನ್ನುತ್ತಾರೆ. ಮೊನ್ನೆ ಹಾಕಿದ ರಸ್ತೆಯನ್ನು ಇವತ್ತು ಪೈಪಿಗಾಗಿ ಅಗೆದರೂ ತುಘಲಕ್ ದರ್ಬಾರು. ಮನೆಯ ಯಜಮಾನ ಬೆಳಿಗ್ಗೆ ಒಂದು, ಸಂಜೆ ಒಂದು ಹೇಳಿದರೂ ತುಘಲಕ್ ದರ್ಬಾರು. 1351ರಲ್ಲಿ ಸಿಂಧ್ ಪ್ರಾಂತ್ಯದ ಥಟ್ಟಾದ ಬಳಿ ಸತ್ತ ದೆಹಲಿಯ ಸುಲ್ತಾನನೊಬ್ಬ ನಮ್ಮೂರಿನ ಅರಳಿಕಟ್ಟೆಯ ಮಾತಿನಲ್ಲಿ ಇನ್ನೂ ಬದುಕಿದ್ದಾನೆ. ಆದರೆ ನಗೆಪಾಟಲಿಗೆ ಈಡಾಗಿ ಬದುಕಿದ್ದಾನೆ. ಆ ದರ್ಬಾರಿನಲ್ಲಿ ಸತ್ತವರ ನೆನಪು ಈ ಗಾದೆಯಂಥ ಮಾತಿನಲ್ಲಿ ಎಲ್ಲೂ ಇಲ್ಲ.

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಮೇಲೊಂದು ಲೇಖನ ಕೊಡಿ ಎಂದು ಸಮಿತಿಯ ಹಿರಿಯರು ಕೇಳಿದಾಗ ನನಗೆ ಹೊಳೆದದ್ದು ಈ ಸುಲ್ತಾನನೇ. ನಾನು ಓದಿದ್ದು ಬಿ.ಇ., ಹೊಟ್ಟೆಪಾಡು ಕಂಪ್ಯೂಟರಿನದು. ಇತಿಹಾಸ ನನಗೆ ಬಿಡುವಿನ ಓದು ಮಾತ್ರ. ಹಾಗಾಗಿ ವಿದ್ವಾಂಸರು ಓದಿದರೆ ದೊಡ್ಡ ಮನಸ್ಸು ಮಾಡಬೇಕು.

ಹೈಸ್ಕೂಲಿನ ಸಮಾಜ ವಿಜ್ಞಾನದಲ್ಲಿ ಮಹಮ್ಮದ್ ಬಿನ್ ತುಘಲಕ್ ಅಂದರೆ ಮೂರು ಅಂಶ. ರಾಜಧಾನಿಯನ್ನು ದೆಹಲಿಯಿಂದ ದೇವಗಿರಿಗೆ ಬದಲಾಯಿಸಿದ, ಬೆಳ್ಳಿ ನಾಣ್ಯದ ಬದಲು ತಾಮ್ರದ ನಾಣ್ಯ ತಂದ, ಗಂಗಾ ಯಮುನಾ ನದಿಗಳ ನಡುವಿನ ದೋಆಬ್ ಸೀಮೆಯಲ್ಲಿ ಕಂದಾಯ ಏರಿಸಿದ. ಮೂರೂ ಕೆಟ್ಟವು. ಪರೀಕ್ಷೆಗೆ ಇಷ್ಟು ಸಾಕಾಗಿತ್ತು. ಕನ್ನಡದ ಪತ್ರಿಕೆಯಲ್ಲಿ ಅದೇ ರೀತಿ ಅಲಂಕಾರದ ಪ್ರಶ್ನೆ ಬರುತ್ತಿತ್ತು. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ಸಾಲಾಗಿ ಬರೆದು ಸಮನ್ವಯ ಮಾಡಿದರೆ ಅಂಕ ಗ್ಯಾರಂಟಿ. ಇವೆರಡಕ್ಕೂ ಸಂಬಂಧ ಇರಬಹುದು ಎಂದು ನನಗೆ ಅನ್ನಿಸಿದ್ದು ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಗಿರೀಶ ಕಾರ್ನಾಡರ ‘ತುಘಲಕ್’ ಓದಿದ ಮೇಲೆ. ಇತಿಹಾಸದಲ್ಲಿ ಆ ಮನುಷ್ಯ ಏನು ಮಾಡಿದ ಎಂಬುದಿದೆ. ಅವನಿಗೆ ಏನನ್ನಿಸಿತು ಎಂಬುದನ್ನು ನಾಟಕಕಾರ ಉಪಮೆ, ರೂಪಕ, ವ್ಯಂಗ್ಯಗಳ ಮೂಲಕ ತೋರಿಸಿದ್ದಾರೆ. ವಿಶೇಷವೆಂದರೆ ಅದಕ್ಕೆ ಬೇಕಾದ ಸಾಮಗ್ರಿಯ ಬಹುಭಾಗವನ್ನು ಅವರು ಆ ಕಾಲದ ಚರಿತ್ರಕಾರರ ಬರಹಗಳಿಂದಲೇ ಎತ್ತಿಕೊಂಡು, ಜಾಗ ಮಾತ್ರ ಬದಲಿಸಿದ್ದಾರೆ.

‘ತುಘಲಕ್’ ಪ್ರಕಟವಾದದ್ದು 1964ರಲ್ಲಿ. ಕಾರ್ನಾಡರಿಗೆ ಆಗ ಇಪ್ಪತ್ತಾರು ವರ್ಷ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿ, ಆಕ್ಸ್‌ಫರ್ಡಿಗೆ ಹೋಗಿ ಬಂದು, ಮದ್ರಾಸಿನಲ್ಲಿ ಕೆಲಸದಲ್ಲಿದ್ದರು. ಲೆಕ್ಕ ಓದಿದವರು ಬರೆದ ನಾಟಕ ಎಂಬುದು ನನ್ನಂಥವರಿಗೆ ಒಂದು ಸಣ್ಣ ಹೆಮ್ಮೆ! ಮುಂದೆ ಬೆಂಗಳೂರಿನಲ್ಲಿ ಸಿ.ಆರ್. ಸಿಂಹ ಅವರು ಆಡಿದ ತುಘಲಕ್ ಪಾತ್ರ ಮನೆಮಾತಾಯಿತು. ದೆಹಲಿಯಲ್ಲಿ ಇಬ್ರಾಹಿಂ ಅಲ್ಕಾಜಿಯವರು 1970ರ ದಶಕದಲ್ಲಿ ಪುರಾನಾ ಕಿಲಾದ ಹಾಳುಗೋಡೆಗಳ ಮುಂದೆಯೇ ಇದನ್ನು ಆಡಿಸಿದರು.

ಮೊದಲು ಚರಿತ್ರಕಾರರ ವಿಷಯ. ಮುಖ್ಯವಾಗಿ ಇಬ್ಬರು. ಒಬ್ಬ ಜಿಯಾಉದ್ದೀನ್ ಬರನಿ. ಈತ 17 ವರ್ಷ 3 ತಿಂಗಳು ಸುಲ್ತಾನನ ಆಸ್ಥಾನದ ಒಡನಾಡಿಯಾಗಿದ್ದವನು. ಇನ್ನೊಬ್ಬ ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತ. 1334ರ ಹೊತ್ತಿಗೆ ದೆಹಲಿಗೆ ಬಂದು, ಅಲ್ಲಿ ಕಾಜಿಯಾಗಿ ನೇಮಕಗೊಂಡು, ವರ್ಷಗಟ್ಟಲೆ ಇದ್ದು ಹೋದ. ಈ ಸುಲ್ತಾನನಿಗೆ ಎರಡು ಚಟ, ಒಂದು ಕೈಬಿಚ್ಚಿ ದಾನ ಕೊಡುವುದು, ಇನ್ನೊಂದು ರಕ್ತ ಹರಿಸುವುದು ಎಂಬರ್ಥದ ಮಾತನ್ನು ಅವನು ಬರೆದಿದ್ದಾನೆ. ಬರನಿಯೂ ಇಂಥದೇ ಗೊಂದಲದಲ್ಲಿದ್ದಾನೆ. ತರ್ಕ, ವೈದ್ಯ, ಕಾವ್ಯ, ಲಿಪಿಕಲೆ ಎಲ್ಲ ಬಲ್ಲ ದೊರೆ ಇಷ್ಟೊಂದು ಜನರನ್ನು ಕೊಲ್ಲಿಸಿದ್ದು ಹೇಗೆ ಎಂದು ಅವನಿಗೆ ಬಗೆಹರಿಯುವುದಿಲ್ಲ. ಇಬ್ಬರೂ ಹತ್ತಿರದಿಂದ ಕಂಡವರು, ಆದರೂ ಒಳಮನಸ್ಸಿನ ಬಾಗಿಲು ಇಬ್ಬರಿಗೂ ತೆರೆಯಲಿಲ್ಲ.

ಈಗ ನಾಟಕದ ನಮಾಜನ್ನು ನೋಡೋಣ. ಅದೇ ಇಡೀ ನಾಟಕದ ಬೆನ್ನೆಲುಬು.

1325ರಲ್ಲಿ ಸುಲ್ತಾನನ ತಂದೆ ಘಿಯಾಸುದ್ದೀನ್ ಬಂಗಾಳದ ದಂಡಯಾತ್ರೆ ಮುಗಿಸಿ ಹಿಂದಿರುಗಿದಾಗ ಅಫಘಾನ್‌ಪುರ ಎಂಬಲ್ಲಿ ಸ್ವಾಗತಕ್ಕಾಗಿ ಮರದ ಮಂಟಪ ಕಟ್ಟಿಸಲಾಗಿತ್ತು. ಅದು ಕುಸಿದು ತಂದೆಯೂ ಕಿರಿಯ ಮಗನೂ ಸತ್ತರು. ಸಿಡಿಲು ಬಡಿಯಿತು ಎಂದು ಬರನಿ ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಇಬ್ನ್ ಬತೂತ ಬೇರೆಯೇ ಹೇಳುತ್ತಾನೆ. ಅಲ್ಲಿದ್ದ ಧರ್ಮಗುರು ಶೇಖ್ ರುಕ್ನುದ್ದೀನರ ಬಾಯಿಂದ ಕೇಳಿದ್ದೆಂದು ಬರೆಯುತ್ತಾನೆ: ಯುವರಾಜ ಅವರ ಬಳಿ ಬಂದು, ಮಧ್ಯಾಹ್ನದ ಮೇಲಿನ ನಮಾಜಿನ ಹೊತ್ತಾಯಿತು, ಇಳಿದು ಬನ್ನಿ ಎಂದನಂತೆ. ಅವರು ಇಳಿದರು. ಆನೆಗಳನ್ನು ಒಂದು ಬದಿಯಿಂದ ತಂದರು. ಮಂಟಪ ಕುಸಿಯಿತು. ಯಾವುದು ನಿಜ ಎಂದು ಇತಿಹಾಸಕಾರರು ಇವತ್ತಿಗೂ ವಾದಿಸುತ್ತಾರೆ.

ಕಾರ್ನಾಡರು ಆ ವಾದಕ್ಕೆ ಹೋಗುವುದಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲೇ ತಂದೆ ತಮ್ಮಂದಿರನ್ನು ಕೊಂದ ಎಂಬ ಗುಸುಗುಸು ನಾಟಕದ ಉದ್ದಕ್ಕೂ ಹರಿದಾಡುವಂತೆ ಬಿಡುತ್ತಾರೆ, ಅಷ್ಟೆ. ಐದು ಹೊತ್ತಿನ ನಮಾಜು ಕಡ್ಡಾಯ ಎಂದು ಸುಲ್ತಾನನೇ ಆಜ್ಞೆ ಮಾಡಿರುತ್ತಾನೆ. ಆಮೇಲೆ ಅಮೀರರು ಒಳಸಂಚು ನಡೆಸಿ ಅವನನ್ನು ಕೊಲ್ಲಲು ಗೊತ್ತುಮಾಡುವುದೂ ನಮಾಜಿನ ಹೊತ್ತಿಗೇ, ಕೈಯಲ್ಲಿ ಆಯುಧ ಇಲ್ಲದ ಆ ಗಳಿಗೆಗೇ. ಸಂಚು ಮೊದಲೇ ತಿಳಿದಿದ್ದರಿಂದ ಸುಲ್ತಾನ ಬದುಕಿಕೊಳ್ಳುತ್ತಾನೆ. ಶಿಹಾಬುದ್ದೀನನನ್ನು ತಾನೇ ಇರಿಯುತ್ತಾನೆ. ಒಂದೇ ಏಟಿಗೆ ನಿಲ್ಲಿಸುವುದಿಲ್ಲ, ಇರಿಯುತ್ತಲೇ ಹೋಗುತ್ತಾನೆ. ಬಳಿಕ, ಇನ್ನು ಮುಂದೆ ನನ್ನ ರಾಜ್ಯದಲ್ಲಿ ನಮಾಜು ಬೇಡ ಎಂದು ಸಾರುತ್ತಾನೆ.

ಚರಿತ್ರೆಯಲ್ಲಿಯೂ ಅವನು ಪ್ರಾರ್ಥನೆ ನಿಲ್ಲಿಸಿದ್ದುಂಟು, ಆದರೆ ಕಾರಣ ಬೇರೆ. ಖಲೀಫರ ಒಪ್ಪಿಗೆಯಿಲ್ಲದ ದೊರೆತನ ಸಿಂಧುವಲ್ಲ ಎಂಬ ಅನುಮಾನ ಹತ್ತಿ, ಕೈರೋದಿಂದ ಸನ್ನದು ಬರುವ ತನಕ ಶುಕ್ರವಾರದ ಮತ್ತು ಈದಿನ ಸಾಮೂಹಿಕ ಪ್ರಾರ್ಥನೆಗಳನ್ನು ತಡೆಹಿಡಿದಿದ್ದ. ಅದೊಂದು ಕಾನೂನಿನ ತೊಡಕು. ಅದನ್ನೇ ನಾಟಕದಲ್ಲಿ ಕೊಲೆಯ ಬೆನ್ನಿಗೆ ತಂದು ಇಟ್ಟಾಗ ಅರ್ಥವೇ ಬದಲಾಗುತ್ತದೆ. ದೇವರ ಮುಂದೆ ಕೂರಲು ಅವನಿಗೆ ಹೆದರಿಕೆಯಾಗಿದೆ ಎಂಬುದು ಯಾವ ಪಾತ್ರವೂ ಬಾಯಿಬಿಟ್ಟು ಹೇಳದೆ ನಮಗೆ ತಿಳಿಯುತ್ತದೆ. ಮುಂದೆ ಒಂದು ದೃಶ್ಯದಲ್ಲಿ ಅದೇ ಮನುಷ್ಯ ಒಬ್ಬನೇ ಮೊಣಕಾಲೂರಿ ದೇವರನ್ನು ಕೂಗಿ ಕರೆಯುತ್ತಾನೆ. ತನ್ನದೇ ಆಜ್ಞೆಯನ್ನು ತಾನೇ ಮುರಿದು, ಕಳ್ಳತನದಲ್ಲಿ ಪ್ರಾರ್ಥಿಸುವ ದೊರೆ! ಅವನಿಗೆ ದುಃಖವಾಯಿತು, ಪಶ್ಚಾತ್ತಾಪವಾಯಿತು ಎಂದು ಹತ್ತು ಪುಟ ಬರೆದಿದ್ದರೂ ಇಷ್ಟು ತಾಗುತ್ತಿರಲಿಲ್ಲ.

ಹೀಗೆ ಒಂದೇ ವಸ್ತು ಅಥವಾ ಆಚರಣೆ ಮತ್ತೆ ಮತ್ತೆ ಬಂದು, ಬಂದಾಗಲೆಲ್ಲ ಹೊಸ ಭಾರ ಹೊತ್ತು ನಿಲ್ಲುವುದಕ್ಕೆ ಪ್ರತೀಕ ಎನ್ನುತ್ತಾರೆ. ಎರಡನೆಯ ದೊಡ್ಡ ಪ್ರತೀಕ ನಾಣ್ಯ. ಇಲ್ಲಿ ನನ್ನ ಕಸುಬಿನ ಕುತೂಹಲವೂ ಸೇರಿದೆ, ಸ್ವಲ್ಪ ಸಹಿಸಿಕೊಳ್ಳಿ.

ಹಿಜರಿ 730ರಿಂದ 732ರವರೆಗೆ, ಎಂದರೆ 1329ರಿಂದ 1332ರ ನಡುವೆ, ಸುಲ್ತಾನ ಹಿತ್ತಾಳೆ ಮತ್ತು ತಾಮ್ರದ ನಾಣ್ಯಗಳನ್ನು ಹೊರಡಿಸಿ, ಇವನ್ನು ಬೆಳ್ಳಿಯ ಟಂಕದ ಬೆಲೆಗೆ ತೆಗೆದುಕೊಳ್ಳಬೇಕೆಂದ. ಸುಲ್ತಾನನ ಮಾತು ಕೇಳುವವನು ದೇವರ ಮಾತು ಕೇಳಿದಂತೆ ಎಂಬ ಅರ್ಥದ ಬರಹ ಅವುಗಳ ಮೇಲಿದೆ. ಯೋಚನೆ ಹುಚ್ಚಿನದೇನಲ್ಲ. ಇವತ್ತು ನಮ್ಮ ಜೇಬಿನ ನೋಟಿಗೂ ಕಾಗದದ ಬೆಲೆಗಿಂತ ಹೆಚ್ಚಿನ ಬೆಲೆ ಬಂದಿರುವುದು ನಂಬಿಕೆಯಿಂದಲೇ. ಚೀನಾದಲ್ಲಿ ಆಗಲೇ ಕಾಗದದ ಹಣ ಚಲಾವಣೆಯಲ್ಲಿತ್ತು. ಆದರೆ ಈ ನಾಣ್ಯ ಅಸಲಿಯೋ ನಕಲಿಯೋ ಎಂದು ಪತ್ತೆಹಚ್ಚುವ ಗುರುತು ಅದರಲ್ಲಿ ಇರಲಿಲ್ಲ. ತಾಮ್ರ ಯಾರ ಮನೆಯಲ್ಲಿ ಇಲ್ಲ? ಅಚ್ಚು ಮಾಡಲು ಎಷ್ಟು ಹೊತ್ತು? ಪಾಸ್‌ವರ್ಡ್ ಇಲ್ಲದ ಖಾತೆಯನ್ನು ಊರ ಮುಂದೆ ತೆರೆದಿಟ್ಟ ಹಾಗೆ. ಮನೆಮನೆಯೂ ಟಂಕಸಾಲೆಯಾಯಿತು ಎಂದು ಬರನಿ ದೂರುತ್ತಾನೆ. ಕೊನೆಗೆ ಸುಲ್ತಾನ ಸೋತು, ತಂದವರಿಗೆಲ್ಲ ಖಜಾನೆಯಿಂದ ಅಸಲಿ ನಾಣ್ಯ ಕೊಡಿಸಿದ. ವಾಪಸು ಬಂದ ತಾಮ್ರ ತುಘಲಕಾಬಾದಿನಲ್ಲಿ ಗುಡ್ಡೆ ಗುಡ್ಡೆಯಾಗಿ ಬಿದ್ದಿತ್ತಂತೆ.

ನಾಟಕದಲ್ಲಿ ಆ ಗುಡ್ಡೆ ಬೀಳುವುದು ಗುಲಾಬಿ ತೋಟದಲ್ಲಿ. ಸುಲ್ತಾನ ಅಕ್ಕರೆಯಿಂದ ಮಾಡಿಸಿದ ತೋಟ ಅದು. ಪರ್ಶಿಯದ ಕವಿ ಸಾದಿಯ ಕಾವ್ಯವೇ ಹೂವಾಗಿ ಅರಳಲಿ ಎಂಬ ಹಂಬಲದಿಂದ ಬೆಳೆಸಿದ್ದು. ಈಗ ಅಲ್ಲಿ ಖೋಟಾ ನಾಣ್ಯದ ರಾಶಿ. ತುಘಲಕಾಬಾದಿನಿಂದ ತೋಟಕ್ಕೆ ಆ ರಾಶಿಯನ್ನು ಸಾಗಿಸಿದ್ದೊಂದೇ ಕಾರ್ನಾಡರು ಮಾಡಿದ ಕೆಲಸ. ಅದರಿಂದ ಖಜಾನೆಯ ನಷ್ಟ ಕನಸಿನ ನಷ್ಟವಾಗಿ ಕಾಣುತ್ತದೆ. ಅದೇ ದೃಶ್ಯದಲ್ಲಿ ಮಲತಾಯಿ, ಮಂತ್ರಿ ನಜೀಬನನ್ನು ಕೊಲ್ಲಿಸಿದವಳು ತಾನೇ ಎಂದು ಒಪ್ಪಿಕೊಳ್ಳುತ್ತಾಳೆ. ಅವನು ಅವಳಿಗೆ ಕಲ್ಲು ಹೊಡೆಸಿ ಸಾಯಿಸುವ ಶಿಕ್ಷೆ ವಿಧಿಸುತ್ತಾನೆ. ಆ ಬಳಿಕವೇ ನಾನು ಮೇಲೆ ಹೇಳಿದ, ಕದ್ದು ಮಾಡುವ ಪ್ರಾರ್ಥನೆ. ನಾಟಕದಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾದ ದೃಶ್ಯ ಇದು. ಅವನ ಹತ್ತಿರ ಸುಳಿಯುವ ಕೊನೆಯ ಜೀವವನ್ನೂ ಅವನೇ ತಳ್ಳಿಬಿಟ್ಟ. ಅವನ ಒಂಟಿತನಕ್ಕೆ ನಾಟಕ ಮೊದಲೇ ಒಂದು ಗುರುತು ಕೊಟ್ಟಿರುತ್ತದೆ. ಎರಡನೆಯ ದೃಶ್ಯದಲ್ಲೇ ಅವನು ಒಬ್ಬನೇ ಚದುರಂಗದ ಹಲಗೆ ಮುಂದಿಟ್ಟುಕೊಂಡು, ಹಳೆಯ ಪಂಡಿತರಿಗೂ ಬಗೆಹರಿಯದ ಸಮಸ್ಯೆಯೊಂದನ್ನು ಬಿಡಿಸಿ ಖುಷಿಪಡುತ್ತಾನೆ. ಆ ಖುಷಿ ಹಂಚಿಕೊಳ್ಳಬಲ್ಲ ಗೆಳೆಯ ಐನ್-ಉಲ್-ಮುಲ್ಕ್ ಅದೇ ಹೊತ್ತಿಗೆ ಸೈನ್ಯ ಕಟ್ಟಿಕೊಂಡು ದೆಹಲಿಯ ಮೇಲೆ ಬರುತ್ತಿರುತ್ತಾನೆ.

ರಾಜಧಾನಿಯ ಬದಲಾವಣೆಗೆ ಬರೋಣ. 1327ರಲ್ಲಿ ನಡೆದ ಈ ಸಾಹಸದಲ್ಲಿ ದೆಹಲಿ ಪೂರ್ತಿ ಖಾಲಿಯಾಗಿ, ನಾಯಿ ಬೆಕ್ಕು ಕೂಡ ಉಳಿಯಲಿಲ್ಲ ಎಂದು ಬರನಿ ಬರೆಯುತ್ತಾನೆ. ಆದರೆ ದೆಹಲಿಯ ಆಸುಪಾಸಿನಲ್ಲಿ 1327 ಮತ್ತು 1328ನೇ ಇಸವಿಯ ಸಂಸ್ಕೃತ ಶಾಸನಗಳು ಸಿಕ್ಕಿವೆ, ಜನ ಅಲ್ಲಿ ನೆಮ್ಮದಿಯಿಂದಲೇ ಇದ್ದ ಸೂಚನೆ ಅವುಗಳಲ್ಲಿದೆ. ಹೋದವರು ಮುಖ್ಯವಾಗಿ ಅಧಿಕಾರಿಗಳು, ಉಲೇಮಾಗಳು, ಅವರ ಪರಿವಾರದವರು ಎಂಬುದು ಈಗಿನ ಹಲವು ಇತಿಹಾಸಕಾರರ ಅಭಿಪ್ರಾಯ. ನನಗೂ ಅದೇ ಸರಿ ಎನ್ನಿಸುತ್ತದೆ. ಹಾಗೆಂದು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಆ ಕಾಲದಲ್ಲಿ ನಡೆದವರ ಗೋಳು ಸುಳ್ಳಾಗುವುದಿಲ್ಲ. ನಾಟಕದಲ್ಲಿ ಆ ಗೋಳಿನ ಲೆಕ್ಕ ಕೊಡುವುದು ದೌಲತಾಬಾದ್ ಕೋಟೆಯ ಮೇಲೆ ನಿಂತ ಒಬ್ಬ ಮುದುಕ ಕಾವಲುಗಾರ. ಜೊತೆಗಿರುವ ಹುಡುಗನಿಗೆ ದೆಹಲಿಯ ದಾರಿ ಮೇಲಿನಿಂದ ಸಣ್ಣ ಹಾವಿನಂತೆ ಕಾಣುತ್ತದೆ. ಮುದುಕ ಆ ಹೋಲಿಕೆಯನ್ನೇ ಹಿಡಿದುಕೊಂಡು, ಆ ಹಾವು ಒಂದು ಇಡೀ ಊರನ್ನು ಕಚ್ಚಿ ಕೊಂದಿತು ಎನ್ನುವ ಅರ್ಥದಲ್ಲಿ ಉತ್ತರಿಸುತ್ತಾನೆ. ಪರೀಕ್ಷೆಯ ಭಾಷೆಯಲ್ಲಿ ಹೇಳುವುದಾದರೆ ದಾರಿ ಉಪಮೇಯ, ಹಾವು ಉಪಮಾನ. ಹುಡುಗನ ಬಾಯಲ್ಲಿ ಅದು ಬರೀ ಕಣ್ಣಿಗೆ ಕಂಡ ಆಕಾರ. ಮುದುಕನ ಬಾಯಲ್ಲಿ ಎದೆಯೊಳಗಿನ ಸಂಕಟ. ಇಬ್ಬರ ನಡುವೆ ಇರುವ ವ್ಯತ್ಯಾಸ ಆ ದಾರಿಯನ್ನು ನಡೆದವನು, ನಡೆಯದವನು ಎಂಬುದಷ್ಟೇ.

ಆ ಕೋಟೆಯ ಹೊಟ್ಟೆಯೊಳಗೆ ಕತ್ತಲೆಯ ಸುರಂಗ ಮಾರ್ಗ ನಿಜವಾಗಿಯೂ ಇದೆ. ಅಂಧೇರಿ ಎಂದು ಕರೆಯುತ್ತಾರೆ. ಔರಂಗಾಬಾದಿಗೆ ಹೋದವರು ನೋಡಿರಬಹುದು. ನಾಟಕದಲ್ಲಿ ಅದು ಸುರುಳಿ ಸುತ್ತಿ ಮಲಗಿದ ಹೆಬ್ಬಾವಾಗುತ್ತದೆ. ಬೇರೆಯವರ ಪಾಲಿಗೆ ಭದ್ರತೆ, ನಿದ್ದೆ ಬಾರದ ಸುಲ್ತಾನನ ಪಾಲಿಗೆ ತನ್ನದೇ ಒಳಗಿನ ಕತ್ತಲೆ.

ಇದೇ 1327ರ ಆಸುಪಾಸಿನಲ್ಲಿ ನಮ್ಮ ನಾಡಿನ ಮೇಲೂ ಅವನ ನೆರಳು ಬಿದ್ದಿತ್ತು. ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅವನ ಬಂಧು ಬಹಾಉದ್ದೀನ್ ಗುರ್ಶಾಸ್ಪ್ ದಂಗೆಯೆದ್ದು, ಸೋತು, ಕಂಪಿಲಿಯ ದೊರೆಯ ಆಶ್ರಯಕ್ಕೆ ಓಡಿಬಂದ. ಆಶ್ರಯ ಕೊಟ್ಟ ತಪ್ಪಿಗೆ ಕಂಪಿಲಿ ಅಳಿಯಿತು. ಅಲ್ಲಿಂದ ಅವನು ಹೊಯ್ಸಳ ಮೂರನೆಯ ಬಲ್ಲಾಳನಲ್ಲಿಗೆ ಹೋದರೆ, ಬಲ್ಲಾಳ ಅವನನ್ನು ಹಿಡಿದು ಒಪ್ಪಿಸಿಬಿಟ್ಟ. ನಾಟಕದಲ್ಲಿ ಈ ಪ್ರಸಂಗ ಇಲ್ಲ. ಕಂಪಿಲಿಯ ದುಃಖ ಕುಮಾರರಾಮನ ಕಥೆಯಾಗಿ ಜನಪದರ ಬಾಯಲ್ಲಿ ಉಳಿಯಿತು.

ನಮ್ಮೂರ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿದವರಿಗೆ ಒಂದು ಪದ್ಧತಿ ಗೊತ್ತಿರುತ್ತದೆ. ಅರಮನೆಯ ದೊಡ್ಡ ಸೀನು ಮುಗಿದ ಕೂಡಲೇ ಮುಂದಿನ ಪರದೆ ಬೀಳುತ್ತದೆ, ಅದರ ಮುಂದೆ ಇಬ್ಬರು ಹಾಸ್ಯಗಾರರು ಬಂದು ನಗಿಸುತ್ತಾರೆ, ಹಿಂದೆ ಮುಂದಿನ ಸೀನಿಗೆ ಸಾಮಾನು ಜೋಡಿಸುತ್ತಾರೆ. ಇದೇ ಪದ್ಧತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ‘ತುಘಲಕ್’ ಕಟ್ಟಿದ್ದಾಗಿ ಕಾರ್ನಾಡರೇ ಹೇಳಿದ್ದಾರೆ. ಇಲ್ಲಿಯ ಹಾಸ್ಯದ ಜೋಡಿ ಧೋಬಿ ಅಜೀಜ್ ಮತ್ತು ಜೇಬುಗಳ್ಳ ಆಜಂ. ಆದರೆ ಈ ಹಾಸ್ಯಗಾರರು ಬರುಬರುತ್ತಾ ಪರದೆಯ ಮುಂದೆ ನಿಲ್ಲದೆ ಒಳಗಿನ ಸೀನಿಗೇ ನುಗ್ಗಿಬಿಡುತ್ತಾರೆ. ಅಜೀಜ್ ಮೊದಲು ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೇ ದಾವೆ ಹೂಡಿ ಗೆಲ್ಲುತ್ತಾನೆ. ದೌಲತಾಬಾದಿನ ದಾರಿಯಲ್ಲಿ ಅಧಿಕಾರಿಯಾಗಿ, ಸಾಯುತ್ತಿರುವ ಮಗುವನ್ನು ಎತ್ತಿಕೊಂಡು ಬಂದ ತಾಯಿಯಿಂದಲೂ ಲಂಚ ಕೇಳುತ್ತಾನೆ. ಕೊನೆಗೆ ಖಲೀಫರ ವಂಶದ ಘಿಯಾಸುದ್ದೀನನನ್ನು ಕೊಂದು ಅವನ ವೇಷ ತೊಡುತ್ತಾನೆ. ಸುಲ್ತಾನನ ಒಂದೊಂದು ಒಳ್ಳೆಯ ಯೋಜನೆಗೂ ಅಜೀಜ್ ಒಂದೊಂದು ಖೋಟಾ ನಾಣ್ಯ.

ಖಲೀಫರ ವಂಶದವನೊಬ್ಬ ದೆಹಲಿಗೆ ಬಂದದ್ದು ಚರಿತ್ರೆಯಲ್ಲಿ ನಿಜ. ಅವನಿಗೆ ಬೇಸರವಾಯಿತೆಂದು ಸುಲ್ತಾನ ನೆಲಕ್ಕೆ ತಲೆಯಿಟ್ಟು, ಅವನ ಪಾದವನ್ನು ತನ್ನ ಕುತ್ತಿಗೆಯ ಮೇಲೆ ಇಡಿಸಿಕೊಂಡನೆಂದು ಇಬ್ನ್ ಬತೂತ ಬೆರಗಿನಿಂದ ಬರೆದಿದ್ದಾನೆ. ಅದನ್ನು ಓದಿದಾಗ ನಮಗೆ ವಿಚಿತ್ರ ಎನ್ನಿಸುತ್ತದೆ, ಹೆಚ್ಚೇನೂ ಅಲ್ಲ. ನಾಟಕದಲ್ಲಿ ಸುಲ್ತಾನ ಕುಸಿದು ಕಾಲಿಗೆ ಬೀಳುವುದು ಆ ಧೋಬಿ ಅಜೀಜನಿಗೆ. ಎದುರಿಗಿರುವವನು ಯಾರೆಂದು ಪ್ರೇಕ್ಷಕರಿಗೆ ಗೊತ್ತು, ಬಿದ್ದವನಿಗೆ ಗೊತ್ತಿಲ್ಲ. ಇದಕ್ಕೆ ನಾಟಕೀಯ ವ್ಯಂಗ್ಯ ಎನ್ನುತ್ತಾರೆ. ಬಡವರ ಮನೆಯ ಮಗು ಮಾತ್ರೆ ಎಂದುಕೊಂಡು ಸುಣ್ಣ ನುಂಗುವುದನ್ನು ದೂರದಿಂದ ನೋಡಿದ ಹಾಗೆ, ಕೂಗಿ ಹೇಳಲಾಗದ ಸಂಕಟ. ಅವನ ಕ್ರೌರ್ಯಕ್ಕೆ ಅಷ್ಟುಹೊತ್ತು ಹಲ್ಲು ಕಡಿಯುತ್ತಿದ್ದವರಿಗೂ ಆ ಗಳಿಗೆಯಲ್ಲಿ ಅಯ್ಯೋ ಎನ್ನಿಸುತ್ತದೆ. ದುರಂತ ನಾಟಕ ಅನ್ನುವ ಹೆಸರು ಈ ಅಯ್ಯೋ ಎನ್ನುವುದಕ್ಕೇ ಸಲ್ಲಬೇಕು. ವೇಷ ಬಯಲಾದ ಮೇಲೂ ಸುಲ್ತಾನ ಅಜೀಜನನ್ನು ಕೊಲ್ಲುವುದಿಲ್ಲ, ದಖ್ಖನಿನಲ್ಲಿ ಅಧಿಕಾರ ಕೊಟ್ಟು ಕಳಿಸುತ್ತಾನೆ. ತನ್ನನ್ನು ಪೂರ್ತಿ ಅರ್ಥಮಾಡಿಕೊಂಡವನು ಇವನೊಬ್ಬನೇ ಎಂದು ಅವನಿಗೆ ಅನ್ನಿಸಿರಬೇಕು.

ಬರನಿಯೂ ನಾಟಕದ ಪಾತ್ರವೇ. ಶಾಲೆಯಲ್ಲಿ ನಮಗೆ ಇತಿಹಾಸಕಾರ ಎಂದರೆ ಪುಸ್ತಕದ ಹೊರಗೆ ನಿಂತು ಹೇಳುವವನು. ಕಾರ್ನಾಡರು ಅವನನ್ನು ಒಳಗೆ ಎಳೆದು ತಂದು, ಕೊಲೆಯ ಪಕ್ಕದಲ್ಲೇ ನಿಲ್ಲಿಸುತ್ತಾರೆ. ಒಂದು ಕಡೆ ನಜೀಬನ ಲೆಕ್ಕಾಚಾರದ ರಾಜಕಾರಣ, ಇನ್ನೊಂದು ಕಡೆ ಬರನಿಯ ಮೆದು ಮನಸ್ಸು, ನಡುವೆ ಸುಲ್ತಾನ. ಇಬ್ಬರೂ ಅವನದೇ ಮನಸ್ಸಿನ ಎರಡು ತುಂಡುಗಳು ಎಂಬಂತೆ ಮಾತಾಡುತ್ತಾರೆ. ನಜೀಬ್ ಸತ್ತ. ಕೊನೆಯ ದೃಶ್ಯದಲ್ಲಿ ಬರನಿ, ತಾಯಿ ತೀರಿಕೊಂಡರು, ಹೋಗಬೇಕು ಎಂದು ಅಪ್ಪಣೆ ಕೇಳುತ್ತಾನೆ. ಅದು ಕಾರಣವೋ ನೆಪವೋ ಎಂದು ಇಬ್ಬರಿಗೂ ಗೊತ್ತು. ಅವನು ಹೋಗುತ್ತಾನೆ. ವರ್ಷಗಟ್ಟಲೆ ನಿದ್ದೆ ಕಾಣದ ಸುಲ್ತಾನನಿಗೆ ಆಗ ನಿದ್ದೆ ಬರುತ್ತದೆ. ಎಷ್ಟೋ ವರ್ಷಗಳ ಬಳಿಕ ಊರಿನಲ್ಲಿ ಮತ್ತೆ ನಮಾಜಿನ ಕರೆ ಕೇಳುತ್ತದೆ. ಅವನು ಎಚ್ಚರಾಗಿ, ತಾನೆಲ್ಲಿದ್ದೇನೆಂದು ತಿಳಿಯದವನಂತೆ ಸುತ್ತ ನೋಡುತ್ತಾನೆ. ಪರದೆ ಬೀಳುತ್ತದೆ.

ನಿಜವಾದ ಬರನಿ ಹಾಗೆ ಬಿಟ್ಟು ಹೋಗಲಿಲ್ಲ. ಎಲ್ಲೆಡೆ ದಂಗೆಗಳು ಎದ್ದಾಗ ಸುಲ್ತಾನ ಅವನನ್ನು ಕರೆದು, ನನ್ನ ರಾಜ್ಯಕ್ಕೆ ರೋಗ ಹತ್ತಿದೆ, ಒಂದಕ್ಕೆ ಮದ್ದು ಕೊಟ್ಟರೆ ಇನ್ನೊಂದು ಏಳುತ್ತದೆ, ಹಿಂದಿನ ದೊರೆಗಳು ಇಂಥಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದ್ದನ್ನು ಅವನು ದಾಖಲಿಸಿದ್ದಾನೆ. ಮಗನಿಗೆ ಪಟ್ಟ ಬಿಟ್ಟುಕೊಟ್ಟವರೂ ಇದ್ದರು ಎಂದು ಅಂಜುತ್ತಂಜುತ್ತಲೇ ಹೇಳಿದ್ದೂ ಉಂಟು. ಆದರೆ ಹೆಚ್ಚಿನ ಸಲ ಹಣದ ಆಸೆಗೆ, ಜೀವದ ಭಯಕ್ಕೆ ಆ ಕೊಲೆಗಳ ಮುಂದೆ ಸುಮ್ಮನಿದ್ದೆವು ಎಂದು ತನ್ನ ಗ್ರಂಥದಲ್ಲಿ ಕೊರಗುತ್ತಾನೆ. ಸುಲ್ತಾನ ಸತ್ತ ಮೇಲೆ ಹೊಸ ಆಸ್ಥಾನದಲ್ಲಿ ಅವನಿಗೆ ಜಾಗ ಸಿಗಲಿಲ್ಲ. ‘ತಾರೀಖ್-ಇ-ಫಿರೋಜ್ ಶಾಹಿ’ಯನ್ನು ಅವನು ಮುಗಿಸಿದ್ದು 1357ರಲ್ಲಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಬಡತನದಲ್ಲಿ.